ಎರಡು ಬೂದಿ, ನಾಲ್ಕು ನೇರಳೆ

ಆರು ವರ್ಷ ಅವಳು ನನ್ನನ್ನು ಕಳ್ಳ ಎಂದೇ ಕರೆದಳು. ಬೆನ್ನ ಹಿಂದೆ ಅಲ್ಲ; ನನ್ನ ಮಳಿಗೆಯ ಮೆಟ್ಟಿಲ ಮೇಲೆ ನಿಂತು, ಸಾಲಿನಲ್ಲಿದ್ದ ಹತ್ತು ಹದಿನೈದು ಜನರ ಎದುರಿಗೆ. "ಕಳ್ಳ ಅವ್ನಾ ಒಳ್ಗೆ?" ಎಂದು ಕೇಳಿಕೊಂಡೇ ಬರುತ್ತಿದ್ದಳು. ಯಾರಾದರೂ ನಗುತ್ತಾ "ಅವ್ನೆ ಬಾರಕ್ಕ" ಎನ್ನುತ್ತಿದ್ದರು. ನಾನು ತಲೆ ಎತ್ತದೆ ಲ್ಯಾಪ್‌ಟಾಪು ನೋಡುತ್ತಿದ್ದೆ.

ಹೋದ ತಿಂಗಳು ಅವಳ ತಂಗಿ ಮರಣ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಬಂದು, "ನಮ್ಮಕ್ಕ ಓಗ್ಬುಟ್ಳು ಸಾ, ಖಾತೆ ಕ್ಲೋಸ್ ಮಾಡ್ಸ್ಬೇಕಂತೆ" ಎಂದಾಗ ನನಗೆ ಮೊದಲು ಆದದ್ದು ನಿರಾಳ. ಇನ್ನು ಆ ಮಾತು ಕೇಳಬೇಕಾಗಿಲ್ಲವಲ್ಲ ಎಂಬ ನಿರಾಳ. ಸತ್ತವರ ಬಗ್ಗೆ ಬರೆಯುವವರು ಅವರಲ್ಲಿ ಏನಾದರೂ ಒಳ್ಳೆಯದನ್ನು ಹುಡುಕಿ ಇಡುತ್ತಾರೆ. ಅವಳು ಒಳ್ಳೆಯವಳೋ ಅಲ್ಲವೋ ನಾನು ಹೇಳಲಾರೆ. ನನ್ನ ಪಾಲಿಗಂತೂ ಆಗಿರಲಿಲ್ಲ. ಅವಳ ಪಾಲಿಗೆ ನಾನೂ ಆಗಿರಲಿಲ್ಲ. ಹೆಸರು ಬರೆಯುವುದಿಲ್ಲ, ಅವಳನ್ನು ಕೇಳದೆ ಅವಳ ಹೆಸರನ್ನು ನಾನು ಒಂದು ಸಲ ಬರೆದದ್ದೇ ಸಾಕಾಗಿದೆ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯ ಒಂದು ಊರಿನಲ್ಲಿ ನಾನು ಬ್ಯಾಂಕ್ ಮಿತ್ರ. ಬ್ಯಾಂಕಿನ ಶಾಖೆ ಇರುವುದು ನರಸೀಪುರದಲ್ಲಿ. ಅಷ್ಟು ದೂರ ಹೋಗಲಾರದವರಿಗೆ ಪಿಂಚಣಿ, ಕೂಲಿ, ಹಾಲಿನ ದುಡ್ಡು ಇವನ್ನೆಲ್ಲ ನನ್ನ ಮಳಿಗೆಯಲ್ಲೇ ಬಿಡಿಸಿ ಕೊಡುತ್ತೇನೆ. ಒಂದು ಲ್ಯಾಪ್‌ಟಾಪು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಂದು ಮಿಷಿನ್ನು, ಒಂದು ಡ್ರಾಯರು. ಇಷ್ಟೇ ನನ್ನ ಬ್ಯಾಂಕು. ಬಿ.ಕಾಂ. ಓದಿ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಕೂತಿದ್ದವನಿಗೆ ಈ ಕೆಲಸ ಸಿಕ್ಕಾಗ ಊರಿನವರು ನನ್ನನ್ನು "ಸಾ" ಎನ್ನತೊಡಗಿದರು. ಅದು ನನಗೆ ತುಂಬ ಹಿಡಿಸಿತ್ತು. ಮೂರನೆಯ ತಿಂಗಳಿಗೆ ಅವಳು ಬಂದಳು.

ಆಗ ಅವಳಿಗೆ ನಲವತ್ತೈದರ ಹತ್ತಿರ. ಕುಳ್ಳು, ಗಟ್ಟಿ ಮೈ, ನೀರಿನಲ್ಲಿ ನೆನೆದು ಬಿಳುಚಿಕೊಂಡ ದೊಡ್ಡ ಕೈಗಳು. ನರಸೀಪುರದ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಾಯಿ ತೀರಿಕೊಂಡಿದ್ದಳು, ತಂಗಿಯ ಮನೆಯಲ್ಲಿದ್ದಳು. ಡಾಕ್ಟರ ಪತ್ರದಲ್ಲಿ ಬೌದ್ಧಿಕ ನ್ಯೂನತೆ ಎಂದಿತ್ತು. ಊರಿನವರು ಅದನ್ನು ಬುದ್ಧಿ ಸಾಲ್ದು ಎನ್ನುತ್ತಿದ್ದರು. ಓದು ಬರಹ ಇಲ್ಲ, ಅಂಕಿ ಗೊತ್ತಿಲ್ಲ, ಗಡಿಯಾರ ನೋಡಲು ಬಾರದು. ತಿಂಗಳಿಗೊಮ್ಮೆ ಬರುವ ಅಂಗವಿಕಲರ ವೇತನ ಮೊದಲೆಲ್ಲ ಪೋಸ್ಟ್‌ಮನ್ ಮನೆಗೇ ತಂದು ಕೈಯಲ್ಲಿ ಇಡುತ್ತಿದ್ದನಂತೆ. ಈಗ ಖಾತೆಗೆ ಬರುತ್ತಿತ್ತು.

ಅವತ್ತು ಅವಳಿಗೆ ಕೊಡಬೇಕಾಗಿದ್ದದ್ದು ಸಾವಿರದ ನಾನೂರು. ನನ್ನ ಡ್ರಾಯರಿನಲ್ಲಿ ಇನ್ನೂರರ ನೋಟುಗಳು ತುಂಬಿದ್ದವು. ಏಳು ಎಣಿಸಿ ಕೊಟ್ಟೆ. ಅವಳು ಒಂದೊಂದನ್ನೇ ಹರಡಿ ನೋಡಿ, ಎಲ್ಲವನ್ನೂ ನನ್ನ ಕಡೆಗೆ ತಳ್ಳಿದಳು.

"ಇದಲ್ಲ ನಂದು."

"ಸರಿಯಾಗಿದೆ ಅಕ್ಕ. ಏಳು ಇನ್ನೂರು, ಸಾವಿರದ ನಾನೂರು."

"ಎಲ್ಡು ಬೂದಿ, ನಾಕು ನ್ಯಾರಳೆ. ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದ ಒಬ್ಬರು ಬಿಡಿಸಿ ಹೇಳಿದರು: ಬೂದಿ ಎಂದರೆ ಐನೂರು, ನೇರಳೆ ಎಂದರೆ ನೂರು. ನಾನು ಮತ್ತೆ ಲೆಕ್ಕ ಹೇಳಿದೆ. ಎರಡು ನೇರಳೆ ಸೇರಿದರೆ ಒಂದು ಹಳದಿ ಎಂದು ನೋಟು ಹಿಡಿದು ತೋರಿಸಿದೆ. ಅವಳು ನನ್ನ ಕೈಯನ್ನು ನೋಡಲೇ ಇಲ್ಲ, ಮುಖವನ್ನು ನೋಡಿದಳು.

"ಬದ್ಲಾಯ್ಸ್‌ಬುಟ್ಟವ್ನೆ. ಕಳ್ಳ."

ಸಾಲು ನಕ್ಕಿತು. ಕೊನೆಗೆ ಪಕ್ಕದ ಗೊಬ್ಬರದಂಗಡಿಯಿಂದ ನೋಟು ಬದಲಾಯಿಸಿ ತಂದು ಕೊಟ್ಟೆ. ಅವಳು ಎಡಗೈಯ ಅಂಗೈ ಮೇಲೆ ಎರಡು ಬೂದಿ, ನಾಲ್ಕು ಬೆರಳಿನ ಮೇಲೆ ಒಂದೊಂದರಂತೆ ನಾಲ್ಕು ನೇರಳೆ ಇಟ್ಟು ನೋಡಿ, ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದಳು. ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಅವತ್ತಿನಿಂದ ಅವಳು ಬೆಳಿಗ್ಗೆ ಒಂಬತ್ತಕ್ಕೆ ಬಂದು ನಿಂತರೂ ಅವಳ ಸರದಿ ಬರುತ್ತಿದ್ದದ್ದು ಕೊನೆಗೆ. ಸರ್ವರ್ ಇಲ್ಲ ಎನ್ನುತ್ತಿದ್ದೆ. ಅವಳ ಹಿಂದೆ ನಿಂತವರಿಗೆ ಸರ್ವರ್ ಇರುತ್ತಿತ್ತು. ಅದನ್ನೂ ಅವಳು ಗಮನಿಸಿದಳು. ಗಮನಿಸಿದ್ದನ್ನು ಗಟ್ಟಿಯಾಗಿ ಹೇಳಿದಳು.

ಆ ಬಣ್ಣದ ಪಾಠ ಅವಳ ತಾಯಿಯದು. ಹಳೆಯ ನೋಟುಗಳ ಕಾಲದಲ್ಲಿ ಒಮ್ಮೆ ಕಲಿಸಿ ಮುಗಿಸಿದ್ದಳಂತೆ. ನೋಟು ರದ್ದಾಗಿ ಹೊಸ ಬಣ್ಣದವು ಬಂದ ಮೇಲೆ ಆ ಮುದುಕಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಪಾತ್ರೆ ತಿಕ್ಕುವ ಬೂದಿ ಐನೂರು. ಅರಿಸಿನದ್ದು ಇನ್ನೂರು. ನೇರಳೆ ಹಣ್ಣು ನೂರು. ನೀಲಿ ಐವತ್ತು, ಗಿಣಿ ಇಪ್ಪತ್ತು, ಬೆಲ್ಲ ಹತ್ತು. ದಿನಾ ಸಂಜೆ ಕೂರಿಸಿಕೊಂಡು ಕೇಳುತ್ತಿದ್ದಳು. ಎಲ್ಲ ಬಣ್ಣ ಬಂದ ಮೇಲೆ ಒಂದು ವರ್ಷ ಬದುಕಿದ್ದಳಂತೆ.

ಅದರ ಮೇಲೆ ಅವಳು ತನ್ನ ಪ್ರಪಂಚವನ್ನೇ ಕಟ್ಟಿಕೊಂಡಿದ್ದಳು. ಅಂಗಡಿಗೆ ಹೋದರೆ ಎಷ್ಟು ಎಂದು ಕೇಳುತ್ತಿರಲಿಲ್ಲ. "ಯಾವ್ ಬಣ್ಣ?" ಎನ್ನುತ್ತಿದ್ದಳು. ಊರಿನ ದಿನಸಿ ಅಂಗಡಿಯವರಿಗೆ ಅಭ್ಯಾಸವಾಗಿತ್ತು. ಸೋಪಿನ ಪುಡಿ ಕೇಳಿದರೆ "ಒಂದು ನೀಲಿ, ಒಂದು ಬೆಲ್ಲ" ಎನ್ನುತ್ತಿದ್ದರು. ಚಿಲ್ಲರೆ ವಾಪಸ್ಸು ಬರುವ ವ್ಯಾಪಾರವನ್ನೇ ಅವಳು ಮಾಡುತ್ತಿರಲಿಲ್ಲ. ಸರಿಯಾದ ಬಣ್ಣ ಕೈಯಲ್ಲಿಲ್ಲದಿದ್ದರೆ ಅವತ್ತು ಆ ಸಾಮಾನು ಬೇಡ. ಹಳೆಯ ಬಣ್ಣದ ಇಪ್ಪತ್ತರ ನೋಟು ಕೊಟ್ಟರೆ ಬಿಸಾಡುತ್ತಿದ್ದಳು. ಹತ್ತರ ನಾಣ್ಯ ತೋರಿಸಿದರೆ ಬೈಗುಳ.

ಹೆಂಗಸರಿಗೆ ಬಸ್ ಫ್ರೀ ಆದಾಗ ಅವಳು ಕಂಡಕ್ಟರ್ ಜೊತೆ ಮಾಡಿದ ಜಗಳವನ್ನು ನಾನೇ ನೋಡಿದೆ. ಅವನು ಟಿಕೆಟ್ ಹರಿದು ಕೊಟ್ಟ, ಇವಳು ನೋಟು ಚಾಚಿದಳು. ಅವನು ಬೇಡ ಎಂದ.

"ಕಾಸು ಇಸ್ಕೊ."

"ದುಡ್ಡಿಲ್ಲ ಕಣಮ್ಮ ಈಗ, ಸುಮ್ನೆ ಕೂತ್ಕೊ."

"ಇಸ್ಕೊಳ್ದೆ ಚೀಟಿ ಕೊಟ್ರೆ, ಆಮ್ಯಾಕೆ ನೀನು ಕೊಟ್ಟೇ ಇಲ್ಲ ಅಂತೀಯ. ಆಗ ನಾ ಏನ್ ತೋರ್ಸ್ಲಿ?"

ಬಸ್ಸಿನಲ್ಲಿದ್ದ ಹೆಂಗಸರೆಲ್ಲ ನಗುತ್ತಿದ್ದರು. ಕಂಡಕ್ಟರ್ ಸೋತು ನೋಟು ಇಸಿದುಕೊಂಡ. ನರಸೀಪುರದಲ್ಲಿ ಅವಳು ಇಳಿಯುವಾಗ ಅದೇ ನೋಟನ್ನು ಅವಳ ಕೈಗಿಟ್ಟು "ತಗೋ, ಇದು ವಾಪಸ್ಸು" ಎಂದ. ಬಣ್ಣ ನೋಡಿ ಇಟ್ಟುಕೊಂಡಳು. ಕಿಟಕಿ ಪಕ್ಕ ಕೂತಿದ್ದ ನನ್ನನ್ನು ನೋಡಿ, "ಇವ್ನ್ ತವ ಕಲ್ತ್ಕೊ" ಎಂದು ಹೇಳಿ ಹೋದಳು.

ನಮ್ಮಿಬ್ಬರ ನಡುವಿನ ಹಗೆಯಲ್ಲಿ ಅರ್ಧ ಪಾಲು ಹೆಬ್ಬೆಟ್ಟಿನದು. ಮೂವತ್ತು ವರ್ಷ ಸೋಪು, ಬೂದಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಅವಳ ಬೆರಳಿನ ಗೆರೆ ಸವೆದುಹೋಗಿತ್ತು. ಮಿಷಿನ್ನು ಹಿಡಿಯುತ್ತಿರಲಿಲ್ಲ. ಒರೆಸು, ಒತ್ತು. ಮತ್ತೆ ಒರೆಸು, ಮತ್ತೆ ಒತ್ತು. ತಾಳ್ಮೆ ಕೆಟ್ಟು ನಾನು ಅವಳ ಕೈ ಹಿಡಿದು ಅದುಮಿದರೆ ಕಿತ್ತುಕೊಳ್ಳುತ್ತಿದ್ದಳು. "ಕೈ ಮುಟ್ಬ್ಯಾಡ." ಪ್ರತಿ ಸಲ ಒತ್ತಿದಾಗಲೂ ಒಂದೊಂದು ನೋಟು ಹೋಗುತ್ತದೆ ಎಂದು ಅವಳ ಅನುಮಾನ. ಅದು ಹುಚ್ಚು ಅನುಮಾನವೇನೂ ಅಲ್ಲ. ಬೀಳಲಿಲ್ಲ ಎಂದು ಸುಳ್ಳು ಹೇಳಿ, ಎರಡು ಸಲ ಒತ್ತಿಸಿ, ಎರಡು ಸಲ ದುಡ್ಡು ಬಿಡಿಸಿಕೊಂಡು ಒಂದನ್ನು ಜೇಬಿಗೆ ಹಾಕಿಕೊಳ್ಳುವವರು ನಮ್ಮ ಕಸುಬಿನಲ್ಲಿ ಇದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಅಂಥವನಲ್ಲ ಎಂಬ ಹೆಮ್ಮೆ ನನಗೆ. ಆ ಹೆಮ್ಮೆಗೇ ಅವಳು ತಿಂಗಳಿಗೊಂದು ಸಲ ಉಗಿಯುತ್ತಿದ್ದಳು.

ಮೂರನೆಯ ವರ್ಷ ಹೋಟೆಲಿನಲ್ಲಿ ಗಲಾಟೆಯಾಯಿತು. ಅಲ್ಲಿ ಅವಳಿಗೆ ದಿನಕ್ಕೊಂದು ಹಳದಿ ನೋಟು ಕೂಲಿ. ಕೆಲಸ ಮುಗಿದ ಮೇಲೆ ಯಜಮಾನರು ಗಲ್ಲಾಪೆಟ್ಟಿಗೆಯಿಂದ ತೆಗೆದು ಕೊಡುತ್ತಿದ್ದರು. ಗಿರಾಕಿಗಳೆಲ್ಲ ಫೋನಿನಲ್ಲಿ ದುಡ್ಡು ಕೊಡಲು ಶುರುಮಾಡಿದ ಮೇಲೆ ಗಲ್ಲಾ ಖಾಲಿ. ಇಡ್ಲಿ ತಿಂದವನು ಗೋಡೆಯ ಚೌಕಕ್ಕೆ ಫೋನು ಹಿಡಿಯುತ್ತಾನೆ, ಮೂಲೆಯ ಡಬ್ಬಿಯೊಳಗಿನ ಹೆಣ್ಣು ದನಿ ದುಡ್ಡು ಬಂತು ಎಂದು ಹೇಳುತ್ತದೆ. ಯಜಮಾನರು ಅವಳ ಕೂಲಿಯನ್ನು ವಾರಕ್ಕೊಮ್ಮೆ ಖಾತೆಗೆ ಹಾಕತೊಡಗಿದರು. ಮೋಸದ ಮನುಷ್ಯರಲ್ಲ, ಒಂದು ರೂಪಾಯಿ ಕಡಿಮೆ ಹಾಕಿದವರಲ್ಲ. ಆದರೆ ಅವಳಿಗೆ ಅವತ್ತಿನಿಂದ ಕೂಲಿಯೇ ಇಲ್ಲ.

"ಪೋನ್ಗೆ ಯಾವ್ ಬಣ್ಣ?" ಎಂದು ಅವರನ್ನು ಕೇಳಿದಳಂತೆ. ಅವರು ನಕ್ಕು, ಡಬ್ಬಿ ತೋರಿಸಿ, ಅವಳು ಹೇಳ್ತಾಳಲ್ಲ ಕೇಳಿಸ್ಕೊ ಎಂದರಂತೆ. "ಅವ್ಳು ಬಾಯಲ್ಲಿ ಯೋಳ್ತಾಳೆ. ಕೈಲಿ ತೋರ್ಸಕಿಲ್ಲ" ಎಂದಳಂತೆ ಇವಳು.

ಆ ದುಡ್ಡು ಬಿಡಿಸಲು ನನ್ನ ಹತ್ತಿರವೇ ಬರಬೇಕು. ತಿಂಗಳಿಗೊಂದು ಸಲ ಕೇಳುತ್ತಿದ್ದ ಮಾತನ್ನು ನಾನು ವಾರಕ್ಕೊಂದು ಸಲ ಕೇಳುವಂತಾಯಿತು. ಒಂದು ದಿನ ಅವಳ ವೇತನವೂ ಹೋಟೆಲಿನ ಕೂಲಿಯೂ ಒಟ್ಟಿಗೆ ಬಂದಿತ್ತು. ಎಲ್ಲವನ್ನೂ ಸೇರಿಸಿ ಕೊಟ್ಟೆ. ಅವಳ ಅಂಗೈ ಬೆರಳಿನ ಲೆಕ್ಕ ಪೂರ್ತಿ ಕೆಟ್ಟುಹೋಯಿತು.

"ಓಟ್ಲುದ್ ಯಾವ್ದು, ಗೌರ್ಮೆಂಟುದ್ ಯಾವ್ದು?"

"ಎರಡೂ ಒಂದೇ ಖಾತೆ. ದುಡ್ಡೆಲ್ಲ ಒಂದೇ."

"ಒಂದೇ ಅಲ್ಲ. ಅದು ನಾ ತಿಕ್ಕಿದ್ದು. ಇದು ಅವ್ರು ಕೊಟ್ಟಿದ್ದು. ಯಾಕ್ಲಾ ಬೆರೆಸ್ದೆ?"

"ಮುಂದೆ ನಡಿ, ಜನ ಕಾಯ್ತಾವ್ರೆ" ಎಂದೆ.

ಅವಳು ಹೋಟೆಲಿನವರ ಹತ್ತಿರ ವಾದ ಮಾಡಲಿಲ್ಲ. ಎರಡು ತಿಂಗಳು ನೋಡಿದಳು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಸಂಗಮಕ್ಕೆ ಬಂದ ಜನ ಹೋಟೆಲ್ ತುಂಬಿರುವಾಗ, ಪಾತ್ರೆಯ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. "ನೋಟು ಕಾಣ್ದೆ ಪಾತ್ರೆ ಮುಟ್ಟಕಿಲ್ಲ." ಬೈದರು, ಬೇರೆಯವರನ್ನು ಕರೀತೀನಿ ಎಂದು ಹೆದರಿಸಿದರು. ಭಾನುವಾರ ಆ ಹೊತ್ತಿನಲ್ಲಿ ಯಾರು ಸಿಗುತ್ತಾರೆ? ಹತ್ತು ಗಂಟೆಗೆ ಲೋಟಗಳು ಮುಗಿದವು. ಯಜಮಾನರೇ ಎದುರಿನ ಬೀಡಾ ಅಂಗಡಿಗೆ ಹೋಗಿ, ಫೋನಿನಲ್ಲಿ ದುಡ್ಡು ಹಾಕಿ, ಒಂದು ಹಳದಿ ನೋಟು ತಂದು ಅವಳ ಮುಂದೆ ಹಿಡಿದರು. ಅವಳು ಎದ್ದು ನಲ್ಲಿ ತಿರುಗಿಸಿದಳು. ಇದನ್ನು ನನಗೆ ಹೇಳಿದವರು ಅವರೇ. "ಅವತ್ತಿಂದ ಬೆಳಿಗ್ಗೆ ಗಲ್ಲಕ್ಕೆ ಬೀಳೋ ಮೊದಲ್ನೇ ಹಳದಿ ನೋಟು ತೆಗ್ದು ಬಾದುಷಾ ಭರಣಿ ಕೆಳಗೆ ಇಟ್ಬುಡ್ತೀನಿ ಕಣ್ರೀ. ಅದು ಅವಳ್ದು. ಸತ್ರೂ ಮುಟ್ಟಲ್ಲ" ಎಂದರು. ಅವರ ದನಿಯಲ್ಲಿ ಸ್ವಲ್ಪ ಹೆದರಿಕೆ, ಸ್ವಲ್ಪ ಮರ್ಯಾದೆ. ನನಗೆ ಹೊಟ್ಟೆ ಉರಿಯಿತು. ಅವರನ್ನು ಅವಳು ಕಳ್ಳ ಎಂದಿರಲಿಲ್ಲ.

ಅದರ ಮರುವರ್ಷ ನಾನು ಆ ಕೆಲಸ ಮಾಡಿದೆ.

ನಮಗೆ ಆಗಾಗ ಗುರಿ ಕೊಡುತ್ತಾರೆ. ಇಷ್ಟು ಹೊಸ ಖಾತೆ, ಇಷ್ಟು ವಿಮೆ. ವರ್ಷಕ್ಕೊಂದು ಸಲ ಖಾತೆಯಿಂದ ನಾನೂರು ಚಿಲ್ಲರೆ ರೂಪಾಯಿ ತಾನಾಗಿ ಕಡಿತವಾಗುತ್ತದೆ; ಆ ವರ್ಷದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಕೆಟ್ಟದ್ದೇನಲ್ಲ. ಹೇಳಿ ಒಪ್ಪಿಸಿ ಮಾಡಿಸಬೇಕು, ಅಷ್ಟೇ. ಶಾಖೆಯ ಮ್ಯಾನೇಜರು ಫೋನು ಮಾಡಿ, "ಈ ವಾರ ಇಪ್ಪತ್ತು ಆಗಲೇಬೇಕು. ಆಗಲಿಲ್ಲ ಅಂದ್ರೆ ನಿಮ್ಮ ಬ್ಯಾಂಕ್ ಮಿತ್ರ ಪಾಯಿಂಟ್ ಬೇರೆಯವರಿಗೆ ಕೊಡಬೇಕಾಗುತ್ತೆ" ಎಂದರು. ಹೇಳಿ ಒಪ್ಪಿಸಲು ಹೋದರೆ ವಾರದಲ್ಲಿ ಇಬ್ಬರೂ ಆಗುತ್ತಿರಲಿಲ್ಲ. ದುಡ್ಡು ಬಿಡಿಸಲು ಬಂದವರಿಂದಲೇ ಒಂದು ಹೆಬ್ಬೆಟ್ಟು ಹೆಚ್ಚಿಗೆ ಒತ್ತಿಸಿಕೊಂಡೆ. ಕೇಳುವುದಿಲ್ಲ ಎಂದು ನನಗೆ ಖಾತ್ರಿಯಿದ್ದವರನ್ನೇ ಆರಿಸಿಕೊಂಡೆ. ಕಣ್ಣು ಮಂಜಾದವರು, ಕಿವಿ ಕೇಳದವರು, ಯಾವಾಗಲೂ ಅವಸರದಲ್ಲಿರುವ ಒಬ್ಬ ಮೇಷ್ಟ್ರು. ಇಪ್ಪತ್ತನೆಯವಳು ಅವಳು. ಅವಳನ್ನು ಆರಿಸಿದ್ದಕ್ಕೆ ಗುರಿಯೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷದಿಂದ ಸುಮ್ಮನೆ ಕಳ್ಳ ಎನ್ನುತ್ತಿದ್ದಾಳೆ, ಈಗ ಅವಳಿಗೆ ಗೊತ್ತೂ ಆಗುವುದಿಲ್ಲ ಎಂಬ ಒಂದು ಸಣ್ಣ ಖುಷಿಯೂ ಇತ್ತು.

ಫಾರಂ ತುಂಬಿ, ಅವಳ ಹೆಸರು ಬರೆದು, "ಒತ್ತು" ಎಂದೆ. ಒತ್ತಿದಳು. "ಬೀಳ್ಲಿಲ್ಲ, ಇನ್ನೊಂದ್ಸಲ" ಎಂದೆ. ಮೊದಲನೆಯದು ವಿಮೆಗೆ ಬಿದ್ದಿತ್ತು. ಎರಡನೆಯದು ದುಡ್ಡಿಗೆ. ಖಾತೆಯಲ್ಲಿ ಒಂಬೈನೂರು ಚಿಲ್ಲರೆ ಉಳಿದಿತ್ತು. ಒಂದು ಬೂದಿ, ನಾಲ್ಕು ನೇರಳೆ ಕೊಟ್ಟೆ.

ಅವಳು ನಾಲ್ಕು ಬೆರಳಿನ ಮೇಲೆ ನಾಲ್ಕನ್ನು ಇಟ್ಟುಕೊಂಡಳು. ಅಂಗೈ ಮೇಲೆ ಒಂದನ್ನು ಇಟ್ಟುಕೊಂಡಳು. ಕಾದಳು.

"ಇನ್ನೊಂದು ಬೂದಿ?"

"ಈ ತಿಂಗಳು ಅಷ್ಟೇ ಬಂದಿರೋದು. ಗೌರ್ಮೆಂಟ್ನೋರು ಕಡಿಮೆ ಮಾಡವ್ರೆ."

ಅವತ್ತು ಅವಳು ಬೈಯಲಿಲ್ಲ. ಆರು ವರ್ಷದಲ್ಲಿ ಅವಳು ನನ್ನನ್ನು ಕಳ್ಳ ಎನ್ನದೆ ಮೆಟ್ಟಿಲು ಇಳಿದ ದಿನ ಅದೊಂದೇ. ಉಳಿದ ಹತ್ತೊಂಬತ್ತು ಜನ, ಆ ಮೇಷ್ಟ್ರೂ ಸೇರಿ, ಏನೂ ಕೇಳಲಿಲ್ಲ. ಅವರಿಗೆ ನಾನು ಇವತ್ತಿಗೂ ಹೇಳಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಮ್ಯಾನೇಜರ ಫೋನು ಬಂತು. "ಬೇಗ ಬನ್ನಿ. ನಿಮ್ಮ ಊರಿನೋರು ಒಬ್ಬರು ಬಂದು ಕೂತಿದ್ದಾರೆ, ಏಳ್ತಾ ಇಲ್ಲ." ಬೈಕಿನಲ್ಲಿ ಹೋದೆ. ಅವಳು ಮ್ಯಾನೇಜರ ಎದುರು ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಒಂದು ಬೂದಿ ನೋಟು, ಅದರ ಪಕ್ಕ ಒಂದು ನೋಟಿನಷ್ಟು ಜಾಗ ಖಾಲಿ, ಕೆಳಗೆ ನಾಲ್ಕು ನೇರಳೆ. ಆ ಖಾಲಿ ಜಾಗದ ಮೇಲೆ ಯಾರೂ ಏನೂ ಇಡದಂತೆ ಕೈ ಅಡ್ಡ ಇಟ್ಟುಕೊಂಡಿದ್ದಳು.

"ಒಂದು ಗಂಟೆಯಿಂದ ಬೂದಿ ಇಲ್ಲ, ಬೂದಿ ಇಲ್ಲ ಅಂತಿದ್ದಾರೆ. ಏನ್ರೀ ಹಾಗಂದ್ರೆ?" ಎಂದರು ಮ್ಯಾನೇಜರು.

ನಾನು ಬಾಯಿ ಬಿಡುವ ಮೊದಲೇ ಕ್ಯಾಶಿನಲ್ಲಿ ಕೂತಿದ್ದ ಹೆಣ್ಣುಮಗಳು, ನಮ್ಮ ಕಡೆಯವಳೇ, ಗಾಜಿನ ಹಿಂದಿನಿಂದ ಹೇಳಿದಳು: "ಐನೂರರ ನೋಟು ಸರ್. ಅವರಿಗೆ ಎರಡು ಬರಬೇಕು, ಒಂದೇ ಬಂದಿದೆ ಅಂತಿದ್ದಾರೆ."

ಮ್ಯಾನೇಜರು ಕಂಪ್ಯೂಟರು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ವಿಮೆ ಕಟ್ ಆಗಿದೆ. ಹೇಳಿ ಮಾಡಿಸಿದ್ರಾ?"

"ಹೆಬ್ಬೆಟ್ಟು ಇದೆ ಸರ್."

ಅವಳಿಗೆ ವಿಮೆ ಗೊತ್ತಾಗಲಿಲ್ಲ. ಹೆಬ್ಬೆಟ್ಟು ಗೊತ್ತಾಯಿತು. "ನಾ ಒತ್ನಿಲ್ಲ" ಎಂದಳು. "ಅವ್ನು ಒತ್ಸ್ದ."

ಮ್ಯಾನೇಜರು ದನಿ ತಗ್ಗಿಸಿ ನನ್ನ ಕಡೆ ಬಾಗಿದರು. "ಹೋಗಿ ಹೋಗಿ ಇವರನ್ನ ಯಾಕ್ರೀ ಮಾಡೋಕೆ ಹೋದ್ರಿ?" ಮಾಡಿದ್ದು ತಪ್ಪು ಎಂದು ಅವರು ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ, ಗುರಿ ಅವರದೇ. ಕಡಿತವಾದದ್ದು ವಾಪಸ್ಸು ಬರಲು ಅರ್ಜಿ, ತಿಂಗಳು, ಮೇಲಿನ ಆಫೀಸು. ಅಷ್ಟು ಹೊತ್ತು ಅವಳು ಆ ಕುರ್ಚಿಯಿಂದ ಏಳುವವಳಲ್ಲ. "ಸದ್ಯಕ್ಕೆ ನೀವೇ ಕೊಟ್ಟು ಕಳಿಸಿ" ಎಂದರು.

ಜೇಬಿನಿಂದ ಐನೂರು ತೆಗೆದು ಮೇಜಿನ ಮೇಲೆ ಎಸೆದೆ. ಕಡಿತವಾದದ್ದಕ್ಕಿಂತ ಅರವತ್ತು ರೂಪಾಯಿ ಹೆಚ್ಚು ಹೋಯಿತಲ್ಲ ಎಂದು ಆ ಹೊತ್ತಿನಲ್ಲೂ ಲೆಕ್ಕ ಹಾಕಿದೆ. ಫ್ಯಾನಿನ ಗಾಳಿಗೆ ನೋಟು ಜಾರಿ ನೆಲಕ್ಕೆ ಬಿತ್ತು. ಅವಳು ಅಲುಗಾಡಲಿಲ್ಲ.

"ಎತ್ಕೊಡು."

ಕ್ಯಾಶಿನ ಮುಂದೆ ನಿಂತ ಜನ ನೋಡುತ್ತಿದ್ದರು. ಬಗ್ಗಿ ಎತ್ತಿದೆ. ಅವಳು ಕೈ ಸರಿಸಿದಳು. ಖಾಲಿ ಜಾಗದಲ್ಲಿ ಇಟ್ಟೆ. ಎರಡು, ನಾಲ್ಕು. ಒಂದೊಂದಾಗಿ ಎತ್ತಿ ಗಂಟು ಹಾಕಿಕೊಂಡಳು.

"ಈಗ ಸರ್ಯಾಯ್ತಾ?" ಎಂದೆ.

"ಕಾಸು ಸರ್ಯಾಯ್ತು" ಎಂದಳು. "ನೀ ಸರ್ಯಾಗ್ನಿಲ್ಲ."

ಅವತ್ತೇ ಆ ಕ್ಯಾಶಿನ ಹೆಣ್ಣುಮಗಳು ಅವಳಿಗೆ ನಿಧಾನವಾಗಿ ವಿವರಿಸಿ ಕೇಳಿದಳು. ಇದು ನೀವು ಸತ್ತ ಮೇಲೆ ಮನೆಯವರಿಗೆ ಬರೋದು. ಮುಂದಿನ ವರ್ಷವೂ ಕಡಿತ ಆಗಬೇಕಾ, ನಿಲ್ಲಿಸಬೇಕಾ? ನಿಲ್ಸು ಎಂದಳು. ಆ ಅರ್ಜಿಗೆ ಅವಳು ಒತ್ತಿದ ಹೆಬ್ಬೆಟ್ಟು ಮೊದಲ ಸಲಕ್ಕೇ ಬಿತ್ತು.

ಆಮೇಲೆ ಕೆಲವು ತಿಂಗಳು ಅವಳು ಶಾಖೆಗೇ ಹೋಗುತ್ತಿದ್ದಳು. ಕ್ಯಾಶಿನಲ್ಲಿ ಅವಳ ಬಣ್ಣದ ನೋಟುಗಳನ್ನೇ ಆರಿಸಿ ಕೊಡುತ್ತಿದ್ದರು. ಆದರೆ ಶಾಖೆಯಲ್ಲಿ ನೂಕುನುಗ್ಗಲೆಂದು, ಸಣ್ಣ ಮೊತ್ತವನ್ನೆಲ್ಲ ಎಟಿಎಂ ಮಿಷಿನ್ನಿನಲ್ಲೋ ಬ್ಯಾಂಕ್ ಮಿತ್ರನ ಹತ್ತಿರವೋ ತೆಗೆದುಕೊಳ್ಳಿ ಎಂದು ಬೋರ್ಡು ಹಾಕಿದರು. ಕಾರ್ಡು ಹಾಕಿ ಗುಟ್ಟಿನ ಅಂಕಿ ಒತ್ತುವುದು ಅವಳಿಂದ ಆಗುವುದಲ್ಲ. ಕಳ್ಳನ ಹತ್ತಿರವೇ ಹೋಗು ಎಂದು ಕಳಿಸಿದ ಹಾಗಾಯಿತು. ಬಂದಳು. ಮೆಟ್ಟಿಲ ಮೇಲೆ ನಿಂತು ಎಂದಿನಂತೆ ಕೇಳಿದಳು. ಒಳಗೆ ಬಂದು, ನಾನು ಲ್ಯಾಪ್‌ಟಾಪು ಮುಟ್ಟುವ ಮೊದಲೇ, "ಒಂದ್ಸಲ ಮಾತ್ರ ಒತ್ತದು" ಎಂದಳು. ಅದು ಒಂದೇ ಸಲಕ್ಕೆ ಬೀಳಲಿ ಎಂದು ಆ ಹೊತ್ತು ನಾನು ದೇವರನ್ನು ಬೇಡಿಕೊಂಡದ್ದು ನಿಜ.

ಅದೇ ಸಮಯಕ್ಕೆ, ನಾನು ಹೇಳದೆ ವಿಮೆ ಮಾಡಿಸಿದ್ದವರಲ್ಲಿ ಒಬ್ಬ ಮನುಷ್ಯ ತೀರಿಕೊಂಡ. ಮನೆಯವರಿಗೆ ಎರಡು ಲಕ್ಷ ಬಂತು. ಅವರು ರಸಬಾಳೆಯ ಗೊನೆಯನ್ನೇ ತಂದು ನನ್ನ ಮೇಜಿನ ಮೇಲಿಟ್ಟು, "ನಮ್ಗೇ ಗೊತ್ತಿಲ್ದಂಗೆ ನಮ್ಗೆ ಒಳ್ಳೇದು ಮಾಡಿದ್ರಿ ಸಾ" ಎಂದು ಕೈ ಮುಗಿದರು. ಮ್ಯಾನೇಜರು ಬಂದು ಚೆಕ್ಕು ಕೊಡುವ ಫೋಟೋ ತೆಗೆಸಿಕೊಂಡರು. ಅದರಲ್ಲಿ ನಾನೂ ಇದ್ದೇನೆ. ಊರಿನವರು ಅವಳಿಗೆ ಹೇಳತೊಡಗಿದರು: ನೋಡು, ನೀನು ಜಗಳಾಡಿ ಬುಡ್ಸ್‌ಕೊಂಡೆ. ನನ್ನ ಮಳಿಗೆಯಲ್ಲೇ ಒಬ್ಬರು ಹೀಗೆ ಹೇಳಿದಾಗ ನಾನು ಅವಳ ಮುಖ ನೋಡಿದೆ, ಈಗಲಾದರೂ ಸುಮ್ಮನಾಗುತ್ತಾಳೇನೋ ಎಂದು.

"ಒಳ್ಳೇದಾದ್ರೆ ಕೇಳಿ ಮಾಡ್ಬೇಕಾಗಿತ್ತು" ಎಂದಳು ಅವರಿಗೆ. ನನಗಲ್ಲ. ನನ್ನ ಕಡೆ ತಿರುಗಿ ಕೈ ಚಾಚಿದಳು.

ಕಡೆಯ ವರ್ಷ ಅವಳ ಕಾಲು ಊದಿಕೊಂಡಿತ್ತು. ಹೋಟೆಲಿನವರು ಕೆಲಸ ಬಿಡಿಸಲಿಲ್ಲ, ಕುಳಿತು ತೊಳೆಯಲು ಒಂದು ಮಣೆ ಹಾಕಿಸಿದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎಂಟು ದಿನ ಇದ್ದು ತೀರಿಕೊಂಡಳು.

ಖಾತೆ ಮುಚ್ಚಲು ಬಂದಾಗ ತಂಗಿಯ ಜೊತೆ ತಂಗಿಯ ಗಂಡನೂ ಇದ್ದ. ಅವನು ಕೇಳಿದ ಮೊದಲ ಮಾತು, "ಇನ್ಸೂರೆನ್ಸ್ ಇತ್ತಂತಲ್ಲ ಸಾ, ಏನಾರ ಬತ್ತದಾ?"

"ಒಂದು ವರ್ಷ ಇತ್ತು. ನಿಂತುಹೋಗಿದೆ" ಎಂದೆ. "ಅವರೇ ಬೇಡ ಅಂತ ಅರ್ಜಿ ಕೊಟ್ರು."

"ದಡ್ಡ ಮುಂಡೇದು. ಎಲ್ಡು ಲಕ್ಷ ಕಳ್ದ್‌ಬುಟ್ಟು ಓಯ್ತು" ಎಂದ ಅವನು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಫಾರಂ ಮೇಲೆ ಸೀಲು ಒತ್ತಿ ಕೊಟ್ಟೆ.

ಎರಡು ವಾರದಲ್ಲಿ ಆ ಮಾತು ಊರೆಲ್ಲ ಸುತ್ತಿತು. ಟೀ ಅಂಗಡಿಯಲ್ಲಿ ಅವಳಿಗೆ ಹೊಸ ಹೆಸರೇ ಬಂತು: ಎರಡು ಲಕ್ಷ ಬ್ಯಾಡ ಅಂದೋಳು. ಬದುಕಿದ್ದಾಗ ಅವಳನ್ನು ಕಂಡರೆ ದಾರಿ ಬಿಡುತ್ತಿದ್ದವರು ಅದನ್ನು ಹೇಳಿ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅದು ಅವಳ ಮೇಲಿನ ಪ್ರೀತಿ ಎಂದು ಹೇಳಿದರೆ ಅವಳೇ ಎದ್ದು ಬಂದು ಉಗಿಯುತ್ತಾಳೆ. ಅವಳ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಆದರೆ ಆ ಹೆಸರು ಹುಟ್ಟಿದ್ದು ನನ್ನ ಮೇಜಿನ ಮೇಲೆ.

ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ತಂಗಿ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಗಂಡ ಇರಲಿಲ್ಲ. ಅವಳು ಎದ್ದು ಚಾಪೆ ಹಾಸಲು ಹೋದಳು. ಬೇಡ ಎಂದು ಜಗಲಿಯ ತುದಿಯಲ್ಲೇ ಕೂತೆ. ಎಲ್ಲ ಹೇಳಿದೆ. ಗುರಿ, ಎರಡು ಸಲ ಒತ್ತಿಸಿದ್ದು, ಗೌರ್ಮೆಂಟಿನವರು ಕಡಿಮೆ ಮಾಡಿದರು ಎಂದು ಹೇಳಿದ್ದು, ಶಾಖೆಯಲ್ಲಿ ನೋಟು ಎಸೆದದ್ದು. ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕಿಯೊಳಗೆ ಬೆರಳಾಡಿಸುತ್ತಾ ಕೇಳಿದಳು.

"ಅವತ್ತು ನರಸೀಪುರದಿಂದ ಬಂದೋಳೇ ಇದ್ನೆಲ್ಲ ಯೋಳುದ್ಳು ಸಾ" ಎಂದಳು. "ಯೋಳ್ದೆ ಕೇಳ್ದೆ ಒತ್ಸ್ದ ಅಂತ. ನಮ್ಮೆಜಮಾನ್ರು ನಕ್ಬುಟ್ರು. ನಾನೂ ಸುಮ್ಕಿರಕ್ಕ ಅಂದೆ. ಸಾಯೋಗಂಟ ಯೋಳ್ತಾನೇ ಇದ್ಳು, ನಾವು ನಂಬ್ನಿಲ್ಲ. ಈಗ ನೀವು ಬಂದು ಅದ್ನೇ ಯೋಳುದ್ರಿ. ಒಂದೇ ಸಲಕ್ಕೆ ನಂಬ್ಬುಟ್ಟೆ ನೋಡಿ."

ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಇನ್ನಷ್ಟು ಹೊತ್ತು ಜಗಲಿಯ ಮೇಲೆ ಕೂತಿದ್ದೆ. ಒಳಗಿನಿಂದ ಯಾರೂ ಬರಲಿಲ್ಲ.